ಮೂವತ್ತೈದರಲ್ಲಿ ಒಂದು ಪಾಲು

1942ರ ಆರಂಭದ ದಿನಗಳು. ಪರ್ಲ್ ಹಾರ್ಬರ್ ದಾಳಿ ನಡೆದು ಕೆಲವೇ ವಾರಗಳಾಗಿದ್ದವು. ಅಮೆರಿಕದ ನೌಕಾದಳವು ತನ್ನ ದೇಶದ ಪ್ರೌಢಶಾಲೆಗಳ ಮುಂದೆ ಅಪರೂಪದ ಬೇಡಿಕೆಯೊಂದನ್ನು ಇಟ್ಟಿತು. ಅದು ಕೇಳಿದ್ದು ಹಣವನ್ನಲ್ಲ, ಹಳೆಯ ಕಬ್ಬಿಣವನ್ನಲ್ಲ. ಮರದಲ್ಲಿ ಕೆತ್ತಿದ ಐದು ಲಕ್ಷ ಪುಟ್ಟ ವಿಮಾನಗಳನ್ನು. ಸ್ವಪಕ್ಷದವೂ ಶತ್ರುಪಕ್ಷದವೂ ಸೇರಿ 50 ಬಗೆಯ ವಿಮಾನಗಳು, ಒಂದೊಂದು ಬಗೆಯಲ್ಲಿ 10,000 ಮಾದರಿಗಳು. ಆಕಾಶದಲ್ಲಿ ಕಾಣುವ ಕಪ್ಪು ಚುಕ್ಕೆ ನಮ್ಮದೋ ಅವರದೋ ಎಂದು ಕ್ಷಣಾರ್ಧದಲ್ಲಿ ಗುರುತಿಸಲು ಸೈನಿಕರಿಗೆ ಕಲಿಸಬೇಕಾಗಿತ್ತು. ಅದಕ್ಕೆ ಚಿತ್ರಪಟಗಳಿಗಿಂತ ಕೈಯಲ್ಲಿ ಹಿಡಿದು ತಿರುಗಿಸಿ ತೋರಿಸಬಹುದಾದ ಮಾದರಿಗಳೇ ಮೇಲೆಂದು ಅಧಿಕಾರಿಗಳು ಕಂಡುಕೊಂಡಿದ್ದರು.

ಶಾಲೆಗಳ ಮರಗೆಲಸದ ಕೊಠಡಿಗಳಲ್ಲಿ ಹುಡುಗ ಹುಡುಗಿಯರು ನಕ್ಷೆಗಳನ್ನು ಮುಂದಿಟ್ಟುಕೊಂಡು ಕೆತ್ತಿದರು, ಉಜ್ಜಿದರು, ಕಪ್ಪು ಬಣ್ಣ ಬಳಿದರು. ಅಳತೆ ತಪ್ಪಿದ್ದರೆ ಮಾದರಿ ತಿರಸ್ಕೃತವಾಗುತ್ತಿತ್ತು. ಮಾಡಿದವರಿಗೆ ನೌಕಾದಳದ ಗೌರವ ದರ್ಜೆಗಳನ್ನು ನಮೂದಿಸಿದ ಪ್ರಮಾಣಪತ್ರಗಳು ದೊರೆಯುತ್ತಿದ್ದವು. ಎಲ್ಲ ಮಾದರಿಗಳಿಗೂ ಒಂದೇ ಪ್ರಮಾಣ, 1:72. ಈ ಸಂಖ್ಯೆಯ ಹಿಂದೆ ನಮ್ಮ ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕವಿದೆ. ಒಂದು ಅಂಗುಲಕ್ಕೆ ಆರು ಅಡಿ. ಇಂಥ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ, ನಿಜವಾದ ವಿಮಾನವನ್ನು 2,520 ಅಡಿ, ಅಂದರೆ ಹೆಚ್ಚುಕಡಿಮೆ ಅರ್ಧ ಮೈಲಿ ದೂರದಿಂದ ನೋಡಿದಂತೆ. ತರಗತಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದೃಷ್ಟಿ ಹಾಯಿಸಿದರೆ ಸಾಕು, ಯುದ್ಧಭೂಮಿಯ ಆಕಾಶ ಸಿದ್ಧ! ಟ್ಯಾಂಕುಗಳನ್ನೂ ಲಾರಿಗಳನ್ನೂ ಗುರುತಿಸಲು ಸಹ ಇದೇ ರೀತಿ ಲೋಹದಲ್ಲಿ ಎರಕ ಹೊಯ್ದ ಮಾದರಿಗಳು ಬಂದವು. ಅವುಗಳಲ್ಲಿ ಒಂದು ಬಗೆಯ ಪ್ರಮಾಣ 1:108.

ಯುದ್ಧವಾಹನಗಳ ಕಿರುಮಾದರಿಗಳನ್ನು ಮಕ್ಕಳ ಆಟಿಕೆಯೆಂದು ಬದಿಗೆ ಸರಿಸುವವರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ. ಇದಕ್ಕೂ ಮುಂಚೆ, ವರ್ಸೇಲ್ಸ್ ಒಪ್ಪಂದದ ಪ್ರಕಾರ ಟ್ಯಾಂಕುಗಳನ್ನು ಹೊಂದುವಂತಿರದಿದ್ದ ಜರ್ಮನಿಯು ಮೋಟಾರು ಕಾರುಗಳ ಮೇಲೆ ರಟ್ಟು, ತಗಡುಗಳ ಕವಚ ಹೊದಿಸಿ ಅವನ್ನೇ ಟ್ಯಾಂಕುಗಳೆಂದು ಭಾವಿಸಿಕೊಂಡು ಸಮರಾಭ್ಯಾಸ ನಡೆಸಿತ್ತು. ನೋಡಿದವರು ನಕ್ಕರು. ನಕ್ಕವರ ಮೇಲೆ 1940ರಲ್ಲಿ ಬಂದೆರಗಿದ್ದು ರಟ್ಟಿನ ಟ್ಯಾಂಕುಗಳಲ್ಲ.

ಯುದ್ಧ ಮುಗಿದ ಮೇಲೆ ಈ ವಿದ್ಯೆ ಸೈನ್ಯದಿಂದ ಮನೆಗಳಿಗೆ ಬಂತು. ಬ್ರಿಟನ್ನಿನಲ್ಲಿ ಹಂಗೇರಿ ಮೂಲದ ನಿಕೊಲಾಸ್ ಕೋವ್ ಎಂಬವರು 1939ರಲ್ಲಿ ಆರಂಭಿಸಿದ್ದ ಏರ್‌ಫಿಕ್ಸ್ ಕಂಪನಿಯು 1952ರಲ್ಲಿ 'ಗೋಲ್ಡನ್ ಹೈಂಡ್' ಎಂಬ ಹಳೆಯ ಹಡಗಿನ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಚೀಲದಲ್ಲಿ ಹಾಕಿ ಎರಡು ಷಿಲಿಂಗಿಗೆ ಮಾರಿತು. ಮುಂದೆ ಅದರ ಟ್ಯಾಂಕುಗಳು 1:76 ಪ್ರಮಾಣದಲ್ಲಿ ಬಂದವು. 76 ಎಲ್ಲಿಂದ ಬಂತು? ಆಟದ ರೈಲುಗಳಿಂದ. ಬ್ರಿಟಿಷರ ಆಟದ ರೈಲಿನ ಅಳತೆ ಒಂದು ಅಡಿಗೆ ನಾಲ್ಕು ಮಿಲಿಮೀಟರು. ಭಾಗಿಸಿ ನೋಡಿದರೆ 76 ಬರುತ್ತದೆ. ಹೀಗೆ ಒಂದೊಂದು ಸಂಖ್ಯೆಯ ಬೆನ್ನಿಗೂ ಒಂದು ಕಥೆಯಿದೆ. ಆದರೆ ಇಂದು ಜಗತ್ತಿನಾದ್ಯಂತ ಟ್ಯಾಂಕು ಮಾದರಿಗಳ ಮುಖ್ಯ ಪ್ರಮಾಣವಾಗಿರುವ 1:35 ಮಾತ್ರ ಅಡಿ ಅಂಗುಲಗಳ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದರ ಕಥೆಗೆ ಜಪಾನಿನ ಶಿಜುವೊಕಾ ನಗರಕ್ಕೆ ಹೋಗಬೇಕು.

ಶಿಜುವೊಕಾ ಮರಗೆಲಸದವರ ಊರು. ಅಲ್ಲಿನ ದೇವಾಲಯಗಳ ನಿರ್ಮಾಣಕ್ಕೆ ಬಂದ ಬಡಗಿಗಳೂ ಅರಗಿನ ಕೆಲಸದವರೂ ಅಲ್ಲಿಯೇ ನೆಲೆಸಿದರೆಂದು ಊರಿನವರು ಹೇಳಿಕೊಳ್ಳುತ್ತಾರೆ. 1945ರ ಜೂನ್ 19ರ ರಾತ್ರಿ ಅಮೆರಿಕದ ಬಿ-29 ವಿಮಾನಗಳು ಈ ನಗರದ ಮೇಲೆ ಬೆಂಕಿಬಾಂಬುಗಳನ್ನು ಸುರಿದವು. ಬೆಳಗಾಗುವಷ್ಟರಲ್ಲಿ ನಗರದ ಬಹುಭಾಗ ಬೂದಿಯಾಗಿತ್ತು. ಸುಮಾರು ಎರಡು ಸಾವಿರ ಜನ ಸತ್ತಿದ್ದರು. ಅದೇ ರಾತ್ರಿ ದಾಳಿ ಮಾಡಲು ಬಂದ ಎರಡು ವಿಮಾನಗಳು ಆಕಾಶದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಬಿದ್ದು, 23 ಅಮೆರಿಕನ್ನರೂ ಸತ್ತರು. ಫುಕುಮಾತ್ಸು ಇತೊ ಎಂಬ ಬೌದ್ಧ ಗೃಹಸ್ಥರು ಶತ್ರುಗಳ ಆ ಶವಗಳನ್ನು ತಮ್ಮ ಊರಿನ ಸತ್ತವರ ಜೊತೆಯಲ್ಲೇ ಮಣ್ಣು ಮಾಡಿದರು. ಮನೆಮಠ ಕಳೆದುಕೊಂಡ ನೆರೆಹೊರೆಯವರ ನಿಂದೆಯನ್ನೂ ಸಹಿಸಿಕೊಂಡರು. ಮುಂದೆ ಅವರು ಬೆಟ್ಟದ ಮೇಲೆ ಇಬ್ಬರಿಗೂ ಸ್ಮಾರಕ ನಿಲ್ಲಿಸಿದರು. ವಿಮಾನದ ಅವಶೇಷದಲ್ಲಿ ಸಿಕ್ಕಿದ, ಬೆಂಕಿಯಲ್ಲಿ ಕರಕಾದ ನೀರಿನ ಡಬ್ಬಿಯೊಂದರಿಂದ ಆ ಸ್ಮಾರಕಕ್ಕೆ ಮದ್ಯವನ್ನು ತರ್ಪಣದಂತೆ ಎರೆಯುವ ಪದ್ಧತಿ ಬೆಳೆದುಬಂದು, ಅದರಲ್ಲಿ ಜಪಾನೀಯರೂ ಅಮೆರಿಕನ್ನರೂ ಒಟ್ಟಿಗೆ ನಿಂತಿದ್ದಾರೆ. ಪ್ರಸ್ತುತ ವಿಷಯಕ್ಕೆ ಇದು ಹೊರತಾದುದೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.

ಏಕೆಂದರೆ ಈ ಬೂದಿಯ ಊರಿನಲ್ಲಿಯೇ 1946ರಲ್ಲಿ ಯೊಶಿಯೊ ತಮಿಯಾ ಎಂಬವರು ಮರ ಕೊಯ್ಯುವ ಸಾಮಿಲ್ಲನ್ನು ಆರಂಭಿಸಿದರು. ಸುಟ್ಟ ಊರನ್ನು ಮತ್ತೆ ಕಟ್ಟಲು ಮರ ಬೇಕಿತ್ತಲ್ಲವೆ? ಮರುವರ್ಷ ಅದರ ಜೊತೆಗೆ ಹಡಗು, ವಿಮಾನಗಳ ಮರದ ಮಾದರಿಗಳ ವಿಭಾಗವೊಂದು ಹುಟ್ಟಿಕೊಂಡಿತು. 1953ರಲ್ಲಿ ಮರದ ವ್ಯಾಪಾರವನ್ನೇ ಬಿಟ್ಟು ಮಾದರಿಗಳಿಗೆ ಕೈಹಾಕಿದರು. ಅಷ್ಟರಲ್ಲಿ ವಿದೇಶದ ಪ್ಲಾಸ್ಟಿಕ್ ಮಾದರಿಗಳು ಜಪಾನಿಗೆ ಬರತೊಡಗಿ ಮರದವನ್ನು ಕೇಳುವವರಿಲ್ಲವಾದರು. ಅನಿವಾರ್ಯವಾಗಿ ಪ್ಲಾಸ್ಟಿಕ್ಕಿಗೆ ಇಳಿದು, 'ಯಮಾಟೊ' ಯುದ್ಧನೌಕೆಯ ಮಾದರಿ ಮಾಡಿದರು. ಪ್ರತಿಸ್ಪರ್ಧಿಗಳು ಅದೇ ಹಡಗನ್ನು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿದ್ದರು. ತಮಿಯಾ ಕೂಡ ಬೆಲೆಯನ್ನು ಇಳಿಸಿ ನಷ್ಟ ಅನುಭವಿಸಬೇಕಾಯಿತು.

1960ರ ದಶಕದ ಆರಂಭದಲ್ಲಿ ಕಂಪನಿಯ ಅಳಿವು ಉಳಿವಿನ ಪ್ರಶ್ನೆಯಾಗಿ ಬಂದದ್ದು ಜರ್ಮನಿಯ 'ಪ್ಯಾಂಥರ್' ಟ್ಯಾಂಕಿನ ಮಾದರಿ. ಸ್ಥಾಪಕರ ಮಗ ಶುನ್ಸಾಕು ತಮಿಯಾ ಅದರ ಹೊಣೆ ಹೊತ್ತಿದ್ದರು. ಮೋಟಾರು ಅಳವಡಿಸಿದ, ನೆಲದ ಮೇಲೆ ತಾನೇ ಓಡುವ ಟ್ಯಾಂಕು. ಪೆಟ್ಟಿಗೆಯ ಮೇಲೆ ಪ್ರಸಿದ್ಧ ಚಿತ್ರಕಾರ ಶಿಗೆರು ಕೊಮಾತ್ಸುಜಾಕಿ ಬರೆದ ರೋಮಾಂಚಕ ಚಿತ್ರ. ಅದು ಗೆದ್ದಿತು. ಗೆದ್ದ ಮೇಲೆ, ಇದೇ ಗಾತ್ರದಲ್ಲಿ ಬೇರೆ ದೇಶಗಳ ಟ್ಯಾಂಕುಗಳನ್ನೂ ಮಾಡೋಣವೆಂದು ಶುನ್ಸಾಕು ತಮ್ಮ ಪ್ಯಾಂಥರನ್ನು ಅಳೆದು ನೋಡಿದರೆ, ಅದು ನಿಜವಾದುದರ ಸುಮಾರು ಮೂವತ್ತೈದನೆಯ ಒಂದು ಪಾಲಾಗಿತ್ತು! ಒಳಗೆ ಎರಡು ಬ್ಯಾಟರಿಗಳು ಹಿಡಿಸಬೇಕು ಎಂಬುದಷ್ಟೇ ಮೂಲ ಲೆಕ್ಕಾಚಾರ. ಜಗತ್ತಿನ ಲಕ್ಷಾಂತರ ಜನ ಶ್ರದ್ಧೆಯಿಂದ ಪಾಲಿಸುವ 1:35 ಎಂಬ ಪ್ರಮಾಣವನ್ನು ನಿರ್ಧರಿಸಿದ್ದು ಇತಿಹಾಸವೂ ಅಲ್ಲ, ಗಣಿತವೂ ಅಲ್ಲ, ಬ್ಯಾಟರಿಯ ಹೊಟ್ಟೆ. ಅನಂತರ ಮೋಟಾರು ಹೋಯಿತು, ಬ್ಯಾಟರಿಯೂ ಹೋಯಿತು, ಪ್ರಮಾಣ ಮಾತ್ರ ಉಳಿಯಿತು.

ಶುನ್ಸಾಕು ಅವರ ನಿಜವಾದ ಸಾಧನೆ ಇದರ ನಂತರದ್ದು. ಅದುವರೆಗೆ ತಯಾರಕರು ಒಂದೆರಡು ಛಾಯಾಚಿತ್ರ ನೋಡಿ ಊಹೆಯಿಂದ ಅಚ್ಚು ಮಾಡುತ್ತಿದ್ದರು. ಇವರು 1966ರಲ್ಲಿ ಅಮೆರಿಕದ ಅಬರ್ಡೀನ್ ಸೇನಾಕೇಂದ್ರಕ್ಕೆ ಹೋಗಿ, ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದ ವಶಪಡಿಸಿಕೊಂಡ ಟ್ಯಾಂಕುಗಳ ಚಿತ್ರಗಳನ್ನು ಎಲ್ಲ ದಿಕ್ಕುಗಳಿಂದಲೂ ತೆಗೆದುಕೊಂಡರು. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕು ಸಂಗ್ರಹಾಲಯಕ್ಕೂ ಹೋದರು. ಆ ಸಂಗ್ರಹಾಲಯ ಹುಟ್ಟಲು ಕಾರಣರಾದವರಲ್ಲಿ ನಮಗೆ ಪರಿಚಿತರಾದ ರಡ್ಯಾರ್ಡ್ ಕಿಪ್ಲಿಂಗ್ ಕೂಡ ಒಬ್ಬರು. ಮೊದಲ ಮಹಾಯುದ್ಧದ ಟ್ಯಾಂಕುಗಳು ಅಲ್ಲಿ ತುಕ್ಕು ಹಿಡಿಯುತ್ತಿದ್ದುದನ್ನು 1923ರಲ್ಲಿ ಕಂಡು, ಇವನ್ನು ಕಾಪಾಡಬೇಕೆಂದು ಸೂಚಿಸಿದವರು ಅವರು. ಕಿಪ್ಲಿಂಗರು ತಮ್ಮ ಒಬ್ಬನೇ ಮಗನನ್ನು ಆ ಯುದ್ಧದಲ್ಲಿ ಕಳೆದುಕೊಂಡಿದ್ದರು. ಶುನ್ಸಾಕು ತಮಿಯಾ 2025ರ ಜುಲೈನಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುಟ್ಟುಹೋದ ಊರಿನವರು, ಸೋತ ದೇಶದವರು, ಗೆದ್ದವರ ಬಯಲಿಗೆ ಹೋಗಿ ಯುದ್ಧಯಂತ್ರಗಳ ಮೊಳೆ ಮೊಳೆಯನ್ನೂ ಎಣಿಸಿ ತಂದು ಗೆದ್ದವರ ಮಕ್ಕಳಿಗೇ ಮಾರಿದರೆಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ವಿಸ್ಮಯ.

ಇನ್ನು ಕೆಲಸದ ವಿಚಾರ. ಪೆಟ್ಟಿಗೆಯಲ್ಲಿ ಬಿಡಿಭಾಗಗಳು ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ಬಳ್ಳಿಗೆ ಅಂಟಿದ ಕಾಯಿಗಳಂತೆ. ಒಂದೊಂದನ್ನೂ ಕತ್ತರಿಸಿ, ಗಾಯ ಕಾಣದಂತೆ ಉಜ್ಜಿ, ಅಂಟಿಸಬೇಕು. ಈ ಅಂಟು ನಮ್ಮ ಗೋಂದಿನಂತೆ ನಡುವೆ ಕೂತು ಹಿಡಿಯುವುದಿಲ್ಲ. ಎರಡು ಮೈಗಳನ್ನೂ ಕರಗಿಸಿ ಒಂದಾಗಿಸುತ್ತದೆ. ತಪ್ಪಿದರೆ ಬಿಡಿಸುವಂತಿಲ್ಲ. ರೇಡಿಯೊದ ಉದ್ದನೆಯ ಕಡ್ಡಿ ಬೇಕಾದಾಗ, ಉಳಿದ ಚೌಕಟ್ಟಿನ ಚೂರನ್ನು ಮೇಣದಬತ್ತಿಯ ಮೇಲೆ ಹಿಡಿದು ಮೆತ್ತಗಾದಾಗ ಎರಡೂ ಕೈಗಳಿಂದ ಎಳೆದರೆ ಕೂದಲಿನಷ್ಟು ತೆಳ್ಳಗಿನ ಎಳೆ ಬರುತ್ತದೆ. ಧೂಳು ಹಿಡಿದಂತೆ ತೋರಿಸಲು ಬಣ್ಣದ ಸೀಮೆಸುಣ್ಣದಂಥ ಕಡ್ಡಿಗಳನ್ನು ತೇಯ್ದು ಪುಡಿ ಉದುರಿಸುತ್ತಾರೆ. ಜೀವಮಾನವೆಲ್ಲ ಸೀಮೆಸುಣ್ಣದ ಪುಡಿಯನ್ನು ಮೈಮೇಲೆ ಉದುರಿಸಿಕೊಂಡ ನನಗೆ ಅದರಿಂದ ಇಂಥ ಪ್ರಯೋಜನವೂ ಉಂಟೆಂದು ತಿಳಿದಿರಲಿಲ್ಲ.

ಇಲ್ಲಿ ಗಣಿತದ ಒಂದು ಸೂಕ್ಷ್ಮವನ್ನು ಹೇಳಬೇಕು. ಉದ್ದ 35 ಪಾಲು ಕಿರಿದಾದರೆ ಗಾತ್ರವೂ ತೂಕವೂ 35ರ ಘನದಷ್ಟು, ಅಂದರೆ 42,875 ಪಾಲು ಕಿರಿದಾಗುತ್ತವೆ. ಜರ್ಮನಿಯ 'ಟೈಗರ್' ಟ್ಯಾಂಕಿನ ತೂಕ ಸುಮಾರು 57 ಟನ್ನು. ಅದೇ ಉಕ್ಕಿನಲ್ಲಿ ಮಾದರಿ ಮಾಡಿದರೂ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು ತೂಗೀತು, ಅಷ್ಟೇ. ಆದುದರಿಂದ ಮಾದರಿಯ ಟ್ಯಾಂಕು ನೆಲಕ್ಕೆ ಊರುವುದಿಲ್ಲ. ನಿಜವಾದ ಟ್ಯಾಂಕಿನ ಉಕ್ಕಿನ ಪಟ್ಟಿ ತನ್ನ ಭಾರಕ್ಕೆ ತಾನೇ ಜೋತುಬಿದ್ದಿರುತ್ತದೆ. ಮಾದರಿಯದು ಹಾಗೆ ಜೋಲುವುದಿಲ್ಲ, ಅದನ್ನು ಗಾಲಿಗಳಿಗೆ ಅಂಟಿಸಿ ಜೋಲಿಸಬೇಕು. ಹೊಸಬನ ಟ್ಯಾಂಕು ಮತ್ತು ನುರಿತವನ ಟ್ಯಾಂಕಿನ ನಡುವಿನ ವ್ಯತ್ಯಾಸವೆಂದರೆ ಇದೇ, ಇಲ್ಲದ ಭಾರವನ್ನು ತೋರಿಸುವುದು. ಬಣ್ಣದ ಕಥೆ ಇದಕ್ಕೆ ತದ್ವಿರುದ್ಧ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪ ಬಳಿದರೂ, ನಿಜ ಅಳತೆಯಲ್ಲಿ ಅದು ಮೂರೂವರೆ ಮಿಲಿಮೀಟರು, ಗೋಡೆಗೆ ಗಾರೆ ಮೆತ್ತಿದಂತೆ! ಕುಂಚ ಬಿಟ್ಟು ಗಾಳಿಯ ಒತ್ತಡದಿಂದ ತುಂತುರು ಎರಚುವ ಸಾಧನಕ್ಕೆ ಅವರು ಮೊರೆಹೋಗುವುದು ಈ ಕಾರಣದಿಂದ.

ಬಣ್ಣಕ್ಕಾಗಿ ಇವರು ನಡೆಸುವ ಸಂಶೋಧನೆಯನ್ನು ಕಂಡರೆ ಶಾಸನತಜ್ಞರು ನೆನಪಾಗುತ್ತಾರೆ. ಜರ್ಮನ್ ಟ್ಯಾಂಕುಗಳು ಯುದ್ಧದ ಮೊದಲ ವರ್ಷಗಳಲ್ಲಿ ಕಡು ಬೂದುಬಣ್ಣದವು. 1943ರ ಫೆಬ್ರುವರಿಯಲ್ಲಿ ಮೂಲಬಣ್ಣವನ್ನು ಮಾಸಲು ಹಳದಿಗೆ ಬದಲಿಸಲಾಯಿತು. ಅದರ ಮೇಲೆ ಬಳಿಯಲು ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಗಟ್ಟಿ ಲೇಪದ ರೂಪದಲ್ಲಿ ಸಿಪಾಯಿಗಳಿಗೆ ಕೊಡುತ್ತಿದ್ದರು. ಪೆಟ್ರೋಲಿನಲ್ಲಿಯೋ ನೀರಿನಲ್ಲಿಯೋ ಕಲಸಿ ತಮಗೆ ತೋಚಿದಂತೆ ಬಳಿದುಕೊಳ್ಳಬೇಕು. ಪೆಟ್ರೋಲಿಗೇ ತತ್ವಾರವಾಗಿದ್ದಾಗ ನೀರೇ ಗತಿ. ನೀರಿನಲ್ಲಿ ಕಲಸಿದ್ದು ಮಳೆಗೆ ತೊಳೆದುಹೋಗುತ್ತಿತ್ತು. ಇನ್ನೊಂದು, 'ಝಿಮ್ಮೆರಿಟ್' ಎಂಬ ಲೇಪ. ಕಾಂತದ ಬಾಂಬುಗಳನ್ನು ಟ್ಯಾಂಕಿನ ಮೈಗೆ ಅಂಟಿಸಲು ಬರದಂತೆ ಸಿಮೆಂಟಿನಂಥ ಈ ಲೇಪವನ್ನು ಗೆರೆಗೆರೆಯಾಗಿ ಬಳಿಯುತ್ತಿದ್ದರು. ಕಾರ್ಖಾನೆಗಳಲ್ಲಿ ಇದು ನಡೆದದ್ದು 1943ರ ಕೊನೆಯ ತಿಂಗಳುಗಳಿಂದ 1944ರ ಸೆಪ್ಟೆಂಬರಿನವರೆಗೆ ಮಾತ್ರ. ಗುಂಡು ತಗಲಿದಾಗ ಅದಕ್ಕೆ ಬೆಂಕಿ ಹತ್ತುತ್ತದೆಂಬ ಮಾತು ಹಬ್ಬಿ ನಿಲ್ಲಿಸಿದರು. ಆದುದರಿಂದ 1943ರ ಜುಲೈನ ಕರ್ಸ್ಕ್ ಕದನದ ದೃಶ್ಯದಲ್ಲಿ ಯಾರಾದರೂ ಈ ಗೆರೆಗಳುಳ್ಳ ಪ್ಯಾಂಥರನ್ನು ನಿಲ್ಲಿಸಿದರೆ, ಬಲ್ಲವರು ಕೂಡಲೇ ತಪ್ಪು ಹಿಡಿಯುತ್ತಾರೆ. ಕಾಲಾನುಕ್ರಮದ ಮಹತ್ವವನ್ನು ನಾನು ಹತ್ತನೆಯ ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ತಿಳಿಸಿಕೊಟ್ಟೆನೆಂದು ಹೇಳಲಾರೆ.

ಬಿಡಿ ವಾಹನದಿಂದ ಇಡೀ ದೃಶ್ಯದ ಕಡೆಗೆ ಈ ಕಲೆಯನ್ನು ಒಯ್ದವರಲ್ಲಿ ಅಮೆರಿಕದ ಶೆಪರ್ಡ್ ಪೇನ್ ಪ್ರಮುಖರು. 1946ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಇವರು, 1970ರ ದಶಕದಲ್ಲಿ ಮಾನೊಗ್ರಾಮ್ ಕಂಪನಿಯ ಟ್ಯಾಂಕು ಪೆಟ್ಟಿಗೆಗಳೊಳಗೆ ಇಡುತ್ತಿದ್ದ ಮಡಿಕೆ ಹಾಳೆಗಳಿಗಾಗಿ ದೃಶ್ಯಗಳನ್ನು ರಚಿಸಿಕೊಟ್ಟರು. ಮುರಿದ ಗೋಡೆ, ಕೆಸರು, ದಣಿದು ಕುಳಿತ ಸೈನಿಕ, ಇವು ಸೇರಿದಾಗ ವಾಹನವು ಕಥೆಯ ಒಂದು ಪಾತ್ರವಾಯಿತು. ಅಲ್ಲಿಂದ ಮುಂದೆ ಬೆಲ್ಜಿಯಂ, ಸ್ಪೇನ್, ಚೀನಾಗಳಲ್ಲಿ ಈ ಕಲೆ ಬೆಳೆದ ಬಗೆಯನ್ನು ವಿವರಿಸಲು ಹೋಗುವುದಿಲ್ಲ.

ನನ್ನ ತಕರಾರು ಬೇರೆ ಇದೆ. ಟೈಗರ್ ಟ್ಯಾಂಕಿನ ಮೊದಲ ಮಾದರಿಯನ್ನು ಜರ್ಮನಿ ತಯಾರಿಸಿದ್ದು ಒಟ್ಟು ಸುಮಾರು 1,350. ಅಮೆರಿಕದ 'ಶೆರ್ಮನ್' ಟ್ಯಾಂಕುಗಳು ಸುಮಾರು 49,000. ರಷ್ಯದ ಟಿ-34 ಯುದ್ಧಕಾಲದಲ್ಲಿಯೇ 50,000ಕ್ಕೂ ಹೆಚ್ಚು. ಆದರೆ ಅಂಗಡಿಯ ಕಪಾಟನ್ನು ನೋಡಿ ಇತಿಹಾಸ ಕಲಿಯುವ ಹುಡುಗ, ಆ ಯುದ್ಧದಲ್ಲಿ ಟೈಗರುಗಳೇ ತುಂಬಿದ್ದವೆಂದು ತಿಳಿದಾನು. ಜರ್ಮನಿಯ ಸೈನ್ಯವೆಂದರೆ ಉಕ್ಕಿನ ಯಂತ್ರಗಳ ಪ್ರವಾಹವೆಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ವಾಸ್ತವವಾಗಿ 1941ರಲ್ಲಿ ಅದು ರಷ್ಯದ ಮೇಲೆ ದಂಡೆತ್ತಿ ಹೋದಾಗ ಜೊತೆಗಿದ್ದ ಕುದುರೆಗಳು ಆರು ಲಕ್ಷಕ್ಕೂ ಹೆಚ್ಚು. ಫಿರಂಗಿಗಳನ್ನೂ ರೊಟ್ಟಿಯನ್ನೂ ಎಳೆದದ್ದು ಬಹುಪಾಲು ಅವೇ. ಕುದುರೆಗಾಡಿಯ ಕಿರುಮಾದರಿಗಳು ಇಲ್ಲವೆಂದಲ್ಲ. ಟೈಗರುಗಳ ಸಾಲಿನ ಮುಂದೆ ಅವು ಲೆಕ್ಕಕ್ಕಿಲ್ಲ.

ಲಾರಿಗಳದೂ ಇದೇ ಗತಿ. ಅಮೆರಿಕವು ಎರಡೂವರೆ ಟನ್ನಿನ ಜಿಎಂಸಿ ಲಾರಿಗಳನ್ನು ಐದು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿತು. 1944ರ ಆಗಸ್ಟಿನಿಂದ ನವೆಂಬರಿನವರೆಗೆ ಫ್ರಾನ್ಸಿನಲ್ಲಿ ಮುನ್ನುಗ್ಗುತ್ತಿದ್ದ ಸೈನ್ಯಕ್ಕೆ ಪೆಟ್ರೋಲು, ಮದ್ದುಗುಂಡು ಒದಗಿಸಿದ 'ರೆಡ್ ಬಾಲ್' ಸಾಗಣೆಯ ಚಾಲಕರಲ್ಲಿ ಮುಕ್ಕಾಲು ಪಾಲು ಕರಿಯ ಜನಾಂಗದವರು. ತಮ್ಮದೇ ದೇಶದಲ್ಲಿ, ತಮ್ಮದೇ ಸೈನ್ಯದಲ್ಲಿ ಬೇರೆಯಾಗಿ ಇರಿಸಲ್ಪಟ್ಟವರು. ಜೀಪಿಗೆ ಮಾತ್ರ ನ್ಯಾಯ ಸಿಕ್ಕಿದೆ. ಅದರ ಮಾದರಿ ಇಲ್ಲದ ತಯಾರಕರು ವಿರಳ. ಮಲೆನಾಡಿನವರಿಗೂ ಕೊಡಗಿನವರಿಗೂ ಜೀಪಿನ ಪರಿಚಯ ಹೇಳಬೇಕಾಗಿಲ್ಲ. ಯುದ್ಧಾನಂತರ ಮಹೀಂದ್ರ ಕಂಪನಿ ಅದನ್ನು ಇಲ್ಲಿ ಜೋಡಿಸತೊಡಗಿತು. ಕಾಫಿ ತೋಟದ ಏರಿನಲ್ಲಿ ಮೂಟೆ ಹೊತ್ತು ಗೊರಗುಟ್ಟುತ್ತ ಹತ್ತುತ್ತಿದ್ದುದು ಅದೇ ಯುದ್ಧದ ವಾಹನದ ಸಂತತಿ.

ಇನ್ನೂ ಕಠಿಣವಾದ ಪ್ರಶ್ನೆಯಿದೆ. ತುಕ್ಕು ನಿಜದಂತೆ, ಕೆಸರು ನಿಜದಂತೆ, ಮೊಳೆಗಳ ಸಂಖ್ಯೆಯೂ ನಿಜದಂತೆ. ಆದರೆ ಆ ಟ್ಯಾಂಕು ಯಾವ ಊರಿನೊಳಗೆ ನುಗ್ಗಿತು, ಅದರ ಹಿಂದೆಯೇ ಬಂದವರು ಆ ಊರಿನ ಯಹೂದಿಗಳನ್ನು ಏನು ಮಾಡಿದರು ಎಂಬುದು ಯಾವ ಪೆಟ್ಟಿಗೆಯ ಚಿತ್ರದಲ್ಲೂ ಇಲ್ಲ. ಜರ್ಮನಿಯ ಕಾನೂನು ನಾತ್ಸಿ ಲಾಂಛನಗಳ ಪ್ರದರ್ಶನವನ್ನು ನಿಷೇಧಿಸಿದೆ. ಆದುದರಿಂದ ವಿಮಾನದ ಬಾಲದ ಮೇಲಿದ್ದ ಸ್ವಸ್ತಿಕವನ್ನು ಪೆಟ್ಟಿಗೆಯ ಚಿತ್ರದಿಂದ ಅಳಿಸಿ ಬಾಲವನ್ನು ಖಾಲಿ ಬಿಡುವುದು ರೂಢಿ. ಇದು ಇತಿಹಾಸವನ್ನೇ ಅಳಿಸಿದಂತೆ ಎಂದು ಕೆಲವರು ಗೊಣಗುತ್ತಾರೆ. ನನಗೆ ಆ ಖಾಲಿ ಬಾಲದ ಬಗ್ಗೆ ಸಿಟ್ಟಿಲ್ಲ. ಆ ಜಾಗದಲ್ಲಿ ಏನೋ ಇತ್ತು, ಏಕೆ ತೆಗೆದರು ಎಂದು ಒಬ್ಬ ಹುಡುಗನಾದರೂ ಕೇಳಿದರೆ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಹವ್ಯಾಸಕ್ಕೆ ಬಿದ್ದಿದ್ದಾನೆ. ಮೇಲೆ ಹೇಳಿದ ಕೈಕೆಲಸದ ಸಂಗತಿಗಳಲ್ಲಿ ಹೆಚ್ಚಿನವು ನನಗೆ ಅವನಿಂದಲೇ ತಿಳಿದವು. ಅವನ ಮೇಜಿನ ಮೇಲೂ ಮೂರು ಟೈಗರುಗಳಿದ್ದವು. "ಯಾಕಪ್ಪ, ನಮ್ಮವರು ಟ್ಯಾಂಕು ಓಡಿಸಲೇ ಇಲ್ಲವೆ?" ಎಂದೆ. "ಓಡಿಸಿದರು ಸರ್, ಆದರೆ ಯಾರು ನೋಡ್ತಾರೆ?" ಎಂದ. ಕೊಹಿಮಾದ ಗುಡ್ಡದಲ್ಲಿ 1944ರಲ್ಲಿ ಜಾರಿ ಸಿಕ್ಕಿಕೊಂಡ 'ಲೀ' ಟ್ಯಾಂಕೊಂದು ಅದೇ ಜಾಗದಲ್ಲಿ ಸ್ಮಾರಕವಾಗಿ ನಿಂತಿರುವುದನ್ನು ಅವನಿಗೆ ಹೇಳಿದೆ. ಅನಂತರ ಝೋಜಿಲಾದ ಕಥೆ ಹೇಳಿದೆ.

1948ರಲ್ಲಿ ಲಡಾಖಿನ ಬಾಗಿಲಾದ ಝೋಜಿಲಾ ಕಣಿವೆದಾರಿ ಶತ್ರುಗಳ ವಶದಲ್ಲಿತ್ತು. ಎತ್ತರ ಹನ್ನೊಂದು ಸಾವಿರ ಅಡಿಗೂ ಮೇಲೆ. ಪದಾತಿದಳದ ಪ್ರಯತ್ನಗಳು ಫಲಿಸಿರಲಿಲ್ಲ. ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಒಯ್ಯಲು ನಿಶ್ಚಯಿಸಿದರು. 7ನೆಯ ಲೈಟ್ ಕ್ಯಾವಲ್ರಿಯ 'ಸ್ಟುವರ್ಟ್' ಟ್ಯಾಂಕುಗಳ ತಿರುಗುವ ಮೇಲ್ಭಾಗವನ್ನು, ಅಂದರೆ ಟರೆಟ್ಟನ್ನು, ಬಿಚ್ಚಿ ಬೇರೆಯಾಗಿ ಸಾಗಿಸಿದರು. ಸೇತುವೆಗಳ ಮೇಲೆ ಟ್ಯಾಂಕುಗಳನ್ನು ಹಗ್ಗದ ರಾಟೆಗಳಿಂದ ಎಳೆದು ದಾಟಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಮದ್ರಾಸ್ ಸ್ಯಾಪರ್ಸಿನ ಎರಡು ಕಂಪನಿಗಳು ಅದನ್ನು ಕಡಿದು ಅಗಲ ಮಾಡಿದವು. ಹಲಸೂರು ಕೆರೆಯ ದಂಡೆಯಲ್ಲಿ ಕೇಂದ್ರವುಳ್ಳ ಪಡೆ ಅದು. ನವೆಂಬರ್ 1ರಂದು, ಹಿಮದ ನಡುವೆ, ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ' ಅವರ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಅಂಥ ಎತ್ತರದಲ್ಲಿ ಟ್ಯಾಂಕನ್ನು ಕನಸಿನಲ್ಲಿಯೂ ನಿರೀಕ್ಷಿಸದಿದ್ದ ಶತ್ರುಗಳು ಕಾಲಿಗೆ ಬುದ್ಧಿ ಹೇಳಿದರು. ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಹುಡುಗ ಈಗ ಸ್ಟುವರ್ಟಿನ ಪೆಟ್ಟಿಗೆಯೊಂದನ್ನು ತರಿಸಿದ್ದಾನೆ. ಮುಗಿದ ಮೇಲೆ ಗೇಣುದ್ದಕ್ಕೂ ಕಡಿಮೆ. ಕಣಿವೆಯಲ್ಲಿ ಗುಂಡು ಹಾರಿಸುತ್ತಿರುವ ದೃಶ್ಯವನ್ನು ಮಾಡುತ್ತಾನೆಂದು ನಾನು ಭಾವಿಸಿದ್ದೆ. ಅವನು ಮಾಡುತ್ತಿರುವುದು ಸೇತುವೆಯ ದೃಶ್ಯ. ಟರೆಟ್ ಇಲ್ಲದ ಬೋಳು ಟ್ಯಾಂಕು, ಅದನ್ನು ಹಗ್ಗ ಕಟ್ಟಿ ಇಂಚಿಂಚಾಗಿ ಎಳೆಯುತ್ತಿರುವ ಹನ್ನೆರಡು ಜನ ಸ್ಯಾಪರುಗಳು. ಒಬ್ಬೊಬ್ಬ ಮನುಷ್ಯ ಐದು ಸೆಂಟಿಮೀಟರು. ಭಾರತೀಯ ಸೈನಿಕರ ಬೊಂಬೆಗಳು ಸಿದ್ಧವಾಗಿ ಸಿಗದ ಕಾರಣ ಬ್ರಿಟಿಷ್ ಬೊಂಬೆಗಳ ಮುಖಗಳನ್ನು ಕೆತ್ತಿ ತಿದ್ದುತ್ತಿದ್ದಾನೆ. ಕಳೆದ ವಾರ ಫೋನು ಮಾಡಿ, "ಸರ್, ಅವರ ಕೈಗವಸು ಉಣ್ಣೆಯದೋ ಚರ್ಮದ್ದೋ?" ಎಂದು ಕೇಳಿದ. ತಿಮ್ಮಯ್ಯನವರ ಸಂಗ್ರಹಾಲಯದ ಛಾಯಾಚಿತ್ರಗಳನ್ನು ನೋಡಿಬರಲು ಮಡಿಕೇರಿಯ ಬಸ್ಸು ಹತ್ತೆಂದು ಹೇಳಿದ್ದೇನೆ.